ಟೊರೊಂಟೊದ ಬೆಂಚಿನ ಮೇಲೆ ಭಾವನ ಜೊತೆ ವಾದ

ಟೊರೊಂಟೊಗೆ ಹೋಗಿ ಬಂದವರೆಲ್ಲ ನಯಾಗರಾ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ಕೆಂಪು ಪ್ಲಾಸ್ಟಿಕ್ ಕೋಟು ಹಾಕಿಕೊಂಡು ದೋಣಿಯಲ್ಲಿ ಒದ್ದೆಯಾದೆ. ಚೆನ್ನಾಗಿದೆ, ಅಷ್ಟೇ. ಮಳೆಗಾಲದ ಜೋಗ ನೋಡಿದವರನ್ನು ಬೆಚ್ಚಿಬೀಳಿಸುವುದು ಕಷ್ಟ. ಸಿಎನ್ ಟವರ್ ಹತ್ತಲಿಲ್ಲ. ಅಷ್ಟು ದುಡ್ಡು ಕೊಟ್ಟು ಊರನ್ನು ಮೇಲಿಂದ ನೋಡುವ ಆಸೆ ನನಗಿಲ್ಲ.

ಆ ಟವರಿನ ಹತ್ತಿರವೇ ಫ್ರಂಟ್ ಸ್ಟ್ರೀಟಿನಲ್ಲಿ ಸಿಬಿಸಿ, ಅಂದರೆ ಕೆನಡಾದ ಸರ್ಕಾರಿ ರೇಡಿಯೊ-ಟಿವಿ ಸಂಸ್ಥೆಯ ಕಟ್ಟಡವಿದೆ. ಅದರ ಮುಂದಿನ ಬೆಂಚಿನ ಮೇಲೆ ಈ ಊರಿನ ಹೆಸರಾಂತ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಕಂಚಿನ ಶಿಲ್ಪವಾಗಿ ಕೂತಿದ್ದಾನೆ. ನಾನು ಕೆನಡಾಕ್ಕೆ ಹೊರಟಾಗಲೇ ಅಕ್ಕನಿಗೆ ಹೇಳಿದ್ದೆ, ಬೇರೆ ಏನು ಬಿಟ್ಟರೂ ಇವನನ್ನು ಬಿಡಲ್ಲ ಅಂತ.

ಜುಲೈ ತಿಂಗಳು, ಧಗೆ. ಪಕ್ಕದಲ್ಲಿ ಹೋಗುವವರೆಲ್ಲ ಚಡ್ಡಿ, ಬನಿಯನ್ನು. ಗೂಲ್ಡ್ ಮಾತ್ರ ದಪ್ಪ ಓವರ್‌ಕೋಟು, ಟೋಪಿ ಹಾಕಿಕೊಂಡು ಆರಾಮಾಗಿದ್ದಾನೆ. ಬದುಕಿದ್ದಾಗಲೂ ಹಾಗೇ. ಬೇಸಿಗೆಯಲ್ಲೂ ಕೋಟು, ಮಫ್ಲರು, ಕೈಗವಸು. ಒಮ್ಮೆ ಫ್ಲಾರಿಡಾದ ಸರಸೋಟಾದಲ್ಲಿ ಇದೇ ವೇಷದಲ್ಲಿ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದವನನ್ನು ಪೊಲೀಸರು ಹಿಡಿದಿದ್ದರು, ಅಲೆಮಾರಿ ಅಂದುಕೊಂಡಿರಬೇಕು. ಅವನ ಊರಿನವರು ಶಿಲ್ಪ ಮಾಡಿಸಿ ಕೂರಿಸಿದ್ದು ಕೂಡ ಬೆಂಚಿನ ಮೇಲೇ!

ಗೂಲ್ಡ್‌ನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಭಾವ. ಭಾವ ಮೈಸೂರಿನವರು. ಎಂಟನೇ ಕ್ರಾಸಿನ ಗಣಪತಿ ಹಬ್ಬದ ಸಂಗೀತ ಕಛೇರಿಗಳನ್ನು ಕೇಳುತ್ತಾ ಬೆಳೆದವರು. ಪಿಯಾನೊ ಅಂದರೆ ಅವರಿಗೆ ಹೋಟೆಲ್ ಲಾಬಿಯ ಸಾಮಾನು.

"ಬರೆದಿಟ್ಟದ್ದನ್ನ ನೋಡ್ಕೊಂಡು ನುಡಿಸೋದು. ಇದರಲ್ಲಿ ಮನೋಧರ್ಮ ಎಲ್ಲಿಂದ ಬಂತು?" ಅಂದರು.

ನಾನು ಮಾತಾಡಲಿಲ್ಲ. ಫೋನು ತೆಗೆದೆ, ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನಗೆ. ಮಧ್ಯೆ ಗೂಲ್ಡ್‌ನ ಎದೆಯ ಮೇಲೆ ವೈರು. ಜರ್ಮನಿಯ ಹಳೆಯ ಸಂಗೀತಕಾರ ಬಾಖ್ ಬರೆದ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಹಾಕಿದೆ. ಮೊದಲು ಒಂದು ಏರಿಯಾ, ಅಂದರೆ ಹಾಡಿನಂಥ ಪುಟ್ಟ ಧಾಟಿ, ಅದರ ತಳಹದಿಯ ಮೇಲೆ ಬೇರೆ ಬೇರೆಯಾಗಿ ಕಟ್ಟಿದ 30 ತುಣುಕುಗಳು, ಅವೇ ವೇರಿಯೇಷನ್‌ಗಳು, ಕೊನೆಗೆ ಮತ್ತೆ ಅದೇ ಏರಿಯಾ. ಗೂಲ್ಡ್ ಇದನ್ನು 1955ರಲ್ಲಿ ರೆಕಾರ್ಡ್ ಮಾಡಿದ, 22 ವರ್ಷದ ಹುಡುಗ. 1981ರಲ್ಲಿ ನ್ಯೂಯಾರ್ಕಿನ ಅದೇ ಸ್ಟುಡಿಯೋಗೆ ಹೋಗಿ ಮತ್ತೆ ಮಾಡಿದ. ಮೊದಲನೆಯದರಲ್ಲಿ ಏರಿಯಾ ಎರಡು ನಿಮಿಷ ತುಂಬುವ ಮೊದಲೇ ಮುಗಿಯುತ್ತದೆ. ಎರಡನೆಯದರಲ್ಲಿ ಮೂರು ನಿಮಿಷ ದಾಟುತ್ತದೆ. ಒಂದು ಸ್ವರ ಹೆಚ್ಚಿಲ್ಲ, ಒಂದು ಸ್ವರ ಕಡಿಮೆಯಿಲ್ಲ.

ಭಾವ ಎರಡನ್ನೂ ಕಣ್ಣು ಮುಚ್ಚಿ ಕೇಳಿದರು. ಎರಡನೆಯದರ ನಡುವೆ ಹುಬ್ಬು ಮೇಲೇರಿತು.

"ಹಿಂದೆ ಯಾರೋ ಹಾಡ್ತಿದ್ದಾರಲ್ಲೋ?"

"ಇವನೇ ಭಾವ. ನುಡಿಸ್ತಾ ಗುನುಗ್ತಾನೆ. ಚಿಕ್ಕಂದಿನಲ್ಲಿ ಪಾಠ ಹೇಳಿದ್ದು ಇವನಮ್ಮ. ನುಡಿಸೋದನ್ನೆಲ್ಲ ಹಾಡು ಅಂತ ಕಲಿಸಿದ್ರು. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ."

ಅಷ್ಟಕ್ಕೆ ಅವರಿಗೆ ಸ್ವಲ್ಪ ಗೌರವ ಬಂತು. ಗೂಲ್ಡ್‌ಗೆ ಅವನಪ್ಪ ಮಾಡಿಕೊಟ್ಟ ಕುರ್ಚಿಯ ಕಥೆಯನ್ನೂ ಹೇಳಿದೆ. ಮಡಚುವ ಕುರ್ಚಿಯ ಕಾಲುಗಳನ್ನು ಕುಯ್ದು ತೀರಾ ಕುಳ್ಳಗೆ ಮಾಡಿದ್ದು. ಕೂರುವ ಜಾಗ ಹರಿದು ಬರೀ ಚೌಕಟ್ಟು ಉಳಿದ ಮೇಲೂ ಅದನ್ನು ಬಿಡಲಿಲ್ಲ. ಅಷ್ಟು ಕೆಳಗೆ ಕೂತರೆ ತೋಳಿನ ಭಾರ ಪಿಯಾನೊ ಕೀಗಳ ಮೇಲೆ ಬೀಳುವುದಿಲ್ಲ, ಎಲ್ಲಾ ಕೆಲಸ ಬೆರಳಿನದೇ. ಅವನ ಬಾಖ್‌ನಲ್ಲಿ ಒಂದೊಂದು ಸ್ವರವೂ ಬಿಡಿಸಿಟ್ಟ ಹಾಗೆ ಕೇಳುವುದಕ್ಕೆ ಅದೂ ಒಂದು ಕಾರಣ.

ಖುಷಿಯಲ್ಲಿ ನಾನು ಇನ್ನೊಂದು ವಿಷಯ ಹೇಳಿಬಿಟ್ಟೆ. 1955ರಲ್ಲಿ ಆ ಏರಿಯಾವನ್ನು ಇಪ್ಪತ್ತು ಸಲ ನುಡಿಸಿ ಬಿಸಾಕಿ, ಇಪ್ಪತ್ತೊಂದನೆಯದನ್ನು ಇಟ್ಟುಕೊಂಡ ಅಂತ.

"ಇಪ್ಪತ್ತೊಂದು ಸಲವೇ! ಅದು ಆ ಕ್ಷಣಕ್ಕೆ ಹುಟ್ಟಿದ್ದು ಹೇಗಾಗುತ್ತಪ್ಪ? ಅದು ಪ್ರಾಕ್ಟೀಸು."

ಇಲ್ಲಿಂದ ಶುರುವಾಯಿತು ನೋಡಿ. ನಾನು ಹೇಳಿದ್ದು ಇಷ್ಟು: ಪ್ರಾಕ್ಟೀಸ್ ಮಾಡುವವರು ಒಂದೇ ರೀತಿಯನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಇವನು ಸ್ಟುಡಿಯೋದಲ್ಲಿ ಪ್ರತಿ ಸಲ ಬೇರೆ ರೀತಿ ಹುಡುಕುತ್ತಿದ್ದ. ಬಾಖ್‌ನ ಒಂದು ಎ ಮೈನರ್ ಫ್ಯೂಗ್ (ಒಂದೇ ಧಾಟಿಯನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ತೆಗೆದುಕೊಳ್ಳಿ. ಅದರ ಆರನೇ ಟೇಕಿನಲ್ಲಿ ಸ್ವರಗಳನ್ನು ಒಂದಕ್ಕೊಂದು ಹೆಣೆದು ಗಂಭೀರವಾಗಿ ನುಡಿಸಿದ. ಎಂಟನೇ ಟೇಕಿನಲ್ಲಿ ಅದನ್ನೇ ಬಿಡಿಬಿಡಿಯಾಗಿ ಕುಣಿಸಿದ. ಆಮೇಲೆ ಕೇಳಿದರೆ ಎರಡರಲ್ಲಿ ಒಂದೂ ಕೊನೆವರೆಗೆ ಹಿಡಿದಿಡುವ ಹಾಗಿಲ್ಲ. ಟೇಪು ಕತ್ತರಿಸಿ ಎರಡನ್ನೂ ಸೇರಿಸಿದ. ಅದನ್ನು ಅವನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ, ಮುಚ್ಚಿಡಲಿಲ್ಲ.

"ಕತ್ತರಿ ಹಾಕಿದ್ದು ಸಂಗೀತ ಅಲ್ಲ," ಅಂದರು ಭಾವ. "ಜನರ ಮುಂದೆ ಕೂತು ನುಡಿಸಲಿ, ನೋಡೋಣ."

ಅದೇ ತೊಂದರೆ. 1964ರಲ್ಲಿ, 31 ವರ್ಷಕ್ಕೇ, ಗೂಲ್ಡ್ ಕಛೇರಿ ಕೊಡುವುದನ್ನು ಬಿಟ್ಟುಬಿಟ್ಟ. ಮತ್ತೆ ವೇದಿಕೆ ಹತ್ತಲಿಲ್ಲ. ಆದರೆ ಹತ್ತುತ್ತಿದ್ದಾಗ ಮಾಡಿದ್ದೇನು? 1962ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಬ್ರಾಮ್ಸ್ ಪಿಯಾನೊ ಮತ್ತು ಆರ್ಕೆಸ್ಟ್ರಾಗೆ ಬರೆದ ಮೊದಲನೇ ಕನ್ಸರ್ಟೊವನ್ನು ಎಷ್ಟು ನಿಧಾನವಾಗಿ ನುಡಿಸಲು ಹೊರಟಿದ್ದನೆಂದರೆ, ಆರ್ಕೆಸ್ಟ್ರಾ ನಡೆಸುತ್ತಿದ್ದ ಲೆನರ್ಡ್ ಬರ್ನ್‌ಸ್ಟೈನ್ ಶುರುವಿಗೆ ಮೊದಲೇ ಸಭಿಕರಿಗೆ ಹೇಳಿದರು, ಇದಕ್ಕೆ ನನ್ನ ಒಪ್ಪಿಗೆಯಿಲ್ಲ ಅಂತ. ಹೇಳಿ, ಜೊತೆಗೆ ನಿಂತು ನಡೆಸಿಯೂ ಕೊಟ್ಟರು.

ಭಾವ ಜೋರಾಗಿ ನಕ್ಕರು. "ಮೃದಂಗದವರು ಮೈಕ್ ಹಿಡಿದು, ಇವರ ಕಾಲಪ್ರಮಾಣಕ್ಕೆ ನಾನು ಜವಾಬ್ದಾರ ಅಲ್ಲ ಅಂದಂಗಾಯ್ತು!" ಆ ಕಥೆ ಅವರಿಗೆ ಎಷ್ಟು ಹಿಡಿಸಿತೆಂದರೆ, ರಾತ್ರಿ ಊಟಕ್ಕೆ ಬಂದ ಕನ್ನಡದ ಗೆಳೆಯರಿಗೆಲ್ಲ ಹೇಳಿದರು.

ಈಗ ಒಂದು ಕಿವಿಮಾತು. ಫ್ರಂಟ್ ಸ್ಟ್ರೀಟಿಗೆ ದಯವಿಟ್ಟು ಕಾರಿನಲ್ಲಿ ಹೋಗಬೇಡಿ. ಹತ್ತಿರದಲ್ಲೇ ಬೇಸ್‌ಬಾಲ್ ಸ್ಟೇಡಿಯಂ ಇದೆ. ಮ್ಯಾಚ್ ಇದ್ದ ದಿನ ಸುತ್ತಲಿನ ಪಾರ್ಕಿಂಗ್ ರೇಟು ಏರಿ ಕೂರುತ್ತದೆ. ನಾವು ನಿಲ್ಲಿಸಿದ ಜಾಗದಲ್ಲಿ ಬೋರ್ಡಿನ ಮೇಲೆ ಒಂದು ರೇಟು, ಮಷೀನು ಕಾರ್ಡಿನಿಂದ ಎಳೆದದ್ದು ಇನ್ನೊಂದು. ಕೇಳೋಣ ಅಂದರೆ ಒಬ್ಬ ಮನುಷ್ಯನೂ ಇಲ್ಲ, ಒಂದು ಫೋನ್ ನಂಬರು. ಅದರಲ್ಲಿ ಸಂಗೀತ ಬರುತ್ತಿತ್ತು, ಅದೂ ಕೆಟ್ಟದ್ದು. ಪಕ್ಕದ ಊರು ಮಿಸ್ಸಿಸಾಗಾದಿಂದ ಗೋ ಟ್ರೇನ್ ಅನ್ನುವ ಲೋಕಲ್ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಬಂದಿಳಿದರೆ ನಡೆದೇ ಹೋಗಬಹುದು. ಆ ದುಡ್ಡು ಇನ್ನೂ ಹೊಟ್ಟೆ ಉರಿಸುತ್ತದೆ.

ಆಮೇಲಿನ ದಿನಗಳು ಮಾಲು, ದೇವಸ್ಥಾನ, ಅಕ್ಕನ ಸ್ನೇಹಿತರ ಮನೆ ಅಂತ ಕಳೆದವು. ವಾಪಸ್ ಹೊರಡುವ ಮೊದಲು ಮೌಂಟ್ ಪ್ಲೆಸೆಂಟ್ ಸ್ಮಶಾನಕ್ಕೆ ಹೋದೆವು, ಈ ಸಲ ಅಕ್ಕನೂ ಬಂದಳು. ಸ್ಮಶಾನ ಅನ್ನುವುದಕ್ಕಿಂತ ಲಾಲ್‌ಬಾಗ್ ಅನ್ನಬೇಕು, ಅಷ್ಟು ಮರಗಳು. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಇರುವುದೂ ಇಲ್ಲೇ. ಅಕ್ಕ ಮೊದಲು ಅಲ್ಲಿಗೆ ಹೋಗಿ ಕೈ ಮುಗಿದಳು. ನಮ್ಮ ಮನೆಯ ಸಕ್ಕರೆ ಕಾಯಿಲೆಯ ಚರಿತ್ರೆ ನೋಡಿದರೆ ಅದು ಸರಿಯೇ.

ಗೂಲ್ಡ್ ತೀರಿಕೊಂಡದ್ದು 1982ರ ಅಕ್ಟೋಬರ್ 4ರಂದು. ಪಾರ್ಶ್ವವಾಯು, ಐವತ್ತು ತುಂಬಿ ಕೆಲವೇ ದಿನ. ಎರಡನೇ ಗೋಲ್ಡ್‌ಬರ್ಗ್ ಆಗತಾನೆ ಅಂಗಡಿಗೆ ಬಂದಿತ್ತು. ಅಪ್ಪ ಅಮ್ಮನ ಪಕ್ಕದಲ್ಲೇ ಅವನ ಪುಟ್ಟ ಕಲ್ಲು. ಅದರ ಮೇಲೆ ಏರಿಯಾದ ಮೊದಲ ಸಾಲಿನ ಸ್ವರಗಳನ್ನು ಕೆತ್ತಿದ್ದಾರೆ.

"ಏನಂತ ಬರೆದಿದೆ, ಓದು," ಅಂದರು ಭಾವ. ನನಗೆ ತಿಳಿದಂತೆ ಗುನುಗಿದೆ.

"ಯಾಕೆ ಇಷ್ಟು ನಿಧಾನ? ಹೀಗಲ್ವಾ?" ಅಂತ ಅವರೇ ಗುನುಗಿದರು, ತೊಡೆಯ ಮೇಲೆ ತಾಳ ಹಾಕುತ್ತಾ. ಅಪ್ಪಟ 1955. ನಾನು 1981ರ ಪಕ್ಷದವನು, ಸುಮ್ಮನಿರಲಾಗಲಿಲ್ಲ. ಕಲ್ಲಿನಲ್ಲಿ ವೇಗ ಬರೆದಿಲ್ಲ, ಬಾಖ್ ಕೂಡ ಬರೆದಿಲ್ಲ. ಹಾಗಾಗಿ ಇಬ್ಬರೂ ಸೋಲುವ ಪ್ರಶ್ನೆಯೇ ಇರಲಿಲ್ಲ. ಅಕ್ಕ ಕಾರಿನ ಬೀಗದ ಕೈ ಕಿತ್ತುಕೊಂಡು ಮುಂದೆ ನಡೆದಳು.

ಹೈವೇ ಹತ್ತಿದ ಮೇಲೆ ಭಾವ ಹಿಂದೆ ತಿರುಗಿ ಹೇಳಿದರು, "ಆ ನಿಧಾನದ್ದನ್ನ ಇನ್ನೊಂದ್ಸಲ ಹಾಕು. ಎಲ್ಲಿ ಕೆಡಿಸಿದ್ದಾನೆ ಅಂತ ತೋರಿಸ್ತೀನಿ."