ಫ್ರಾಂಕ್ಲಿನ್ ನಾವಿಕರ ಮೂಳೆಯಲ್ಲಿ ಸೀಸ: ಮೂರನೇ ವಾರದ ಲೆಕ್ಕ

ಹಡಗಿನಲ್ಲಿದ್ದಾಗ ನಾವಿಕರ ಮೂಳೆಗೆ ಎಷ್ಟು ಸೀಸ ಸೇರಿತು ಅಂತ ತೋರಿಸುವ ಗ್ರಾಫ್ ಒಂದನ್ನು ಹೋದ ವಾರ ಹಾಕಿದ್ದೆ. ಅದು ತಪ್ಪಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ ಇಷ್ಟು. 1845ರ ಮೇ ತಿಂಗಳಲ್ಲಿ ಜಾನ್ ಫ್ರಾಂಕ್ಲಿನ್ ನಾಯಕತ್ವದಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳು ಇಂಗ್ಲೆಂಡಿನಿಂದ ಆರ್ಕ್ಟಿಕ್ ಕಡೆ ಹೊರಟವು. 129 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಕೆನಡಾದ ಆರ್ಕ್ಟಿಕ್‌ನಲ್ಲಿರುವ ಬೀಚಿ ದ್ವೀಪದಲ್ಲಿ ಹೂತ ಮೂವರಲ್ಲಿ ಮೊದಲು ಸತ್ತವನು ಜಾನ್ ಟೊರಿಂಗ್ಟನ್. 20 ವರ್ಷ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ. 1846ರ ಜನವರಿ 1ರಂದು ತೀರಿಹೋದ. 1984ರಲ್ಲಿ ಮಾನವಶಾಸ್ತ್ರಜ್ಞ ಓವೆನ್ ಬೀಟಿಯವರ ತಂಡ ಅವನ ಗೋರಿ ತೆರೆಯಿತು. ದೇಹದಲ್ಲಿ ಸೀಸ ಜಾಸ್ತಿ ಇತ್ತು. ಊಟದ ಡಬ್ಬಿಗಳ ಸೀಸದ ಬೆಸುಗೆಯ ಮೇಲೆ ಅನುಮಾನ ಬಂತು.

ನನ್ನ ಪ್ರಶ್ನೆ ಒಂದೇ: ಅಷ್ಟು ಕಡಿಮೆ ದಿನದಲ್ಲಿ ಮೂಳೆ ಎಷ್ಟು ಸೀಸ ಹಿಡಿದುಕೊಳ್ಳುತ್ತದೆ?

ಸೀಸ ಮೂಳೆಯಲ್ಲಿ ಕ್ಯಾಲ್ಸಿಯಂ ಜಾಗದಲ್ಲಿ ಹೋಗಿ ಕೂರುತ್ತದೆ. ಗಟ್ಟಿ ಮೂಳೆಯಲ್ಲಿ ಕೂತದ್ದು ಅರ್ಧ ಖಾಲಿಯಾಗಲು ದಶಕಗಳೇ ಬೇಕು. ನಾನು 20 ವರ್ಷ ಹಿಡಿದೆ. ಹೊರಟ ದಿನದಿಂದ ಸಾವಿನವರೆಗೆ ಸುಮಾರು ಏಳೂವರೆ ತಿಂಗಳು. ಆ 7.5 ಅನ್ನು ಸೀದಾ ವರ್ಷದ ಕಾಲಂನಲ್ಲಿ ಹಾಕಿದ್ದೆ. ಆ ಅವಧಿಯಲ್ಲಿ ಮೂಳೆಯ ಹಳೇ ಸೀಸದಲ್ಲಿ ಶೇ. 23 ಹೋಗಿ ಹೊಸದು ಬರುತ್ತದೆ ಅಂತ ಬಂತು. ಆ ಗೆರೆ ಮೇಲೇರುವುದನ್ನು ನೋಡಿ ತುಂಬಾ ಖುಷಿಪಟ್ಟಿದ್ದೆ.

ಏಳೂವರೆ ತಿಂಗಳು ಅಂದರೆ 0.62 ವರ್ಷ. ನಿನ್ನೆ ರಾತ್ರಿ ಅದನ್ನು ಹಾಕಿ ಮತ್ತೆ ಓಡಿಸಿದೆ. ಬರೀ ಶೇ. 2! ಅಂದರೆ ಹಡಗಿನಲ್ಲಿ ದೇಹಕ್ಕೆ ಸೇರುವ ಸೀಸ ಹತ್ತು ಪಟ್ಟು ಜಾಸ್ತಿಯಾಗಿ ಕೊನೆವರೆಗೂ ಹಾಗೇ ಇದ್ದಿದ್ದರೂ, ಅವನ ಗಟ್ಟಿ ಮೂಳೆಯಲ್ಲಿ ಏರುವುದು ಮೊದಲಿದ್ದದ್ದರ ಸುಮಾರು ಐದನೇ ಒಂದು ಭಾಗ ಅಷ್ಟೇ. ಉಳಿದದ್ದೆಲ್ಲ ಊರಿನಲ್ಲೇ ಸೇರಿದ್ದು. ಆಗಿನ ಬ್ರಿಟನ್ನಿನಲ್ಲಿ ನೀರಿನ ಕೊಳವೆ, ಬಣ್ಣ ಎರಡರಲ್ಲೂ ಸೀಸ ಇತ್ತು, ಅಲ್ವಾ? ಆ ಹುಡುಗ ಚಿಕ್ಕಂದಿನಿಂದ ಕುಡಿದ ನೀರು ಅವನ ತೊಡೆಮೂಳೆಯಲ್ಲಿತ್ತು ಅನ್ನಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

2018ರಲ್ಲಿ ಪ್ರಕಟವಾದ ಸಂಶೋಧನೆಯೂ ಇದನ್ನೇ ಬೇರೆ ದಾರಿಯಲ್ಲಿ ನೋಡಿದೆ. ಬೀಚಿಯಲ್ಲಿ ಬೇಗ ಸತ್ತವರನ್ನೂ, ಕಿಂಗ್ ವಿಲಿಯಂ ದ್ವೀಪದವರೆಗೆ ಬದುಕಿದ್ದವರನ್ನೂ ಹೋಲಿಸಿದರು. ಹೆಚ್ಚು ಕಾಲ ಬದುಕಿದವರ ಮೂಳೆಯಲ್ಲಿ ಸೀಸ ಜಾಸ್ತಿ ಇರಬೇಕಿತ್ತು. ಹಾಗೆ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ಉಳಿದವರು ಹಡಗುಗಳನ್ನು ತೊರೆದ 1848ರ ಏಪ್ರಿಲ್‌ಗೆ ಕೂಡ ಶೇ. 10 ದಾಟುವುದಿಲ್ಲ.

ಒಂದು ಕೊರತೆ ಇದೆ. ಮೂಳೆಯ ತುದಿಗಳಲ್ಲಿರುವ ಸ್ಪಂಜಿನಂಥ ಭಾಗ ಬೇಗ ಬದಲಾಗುತ್ತದೆ, ಅದನ್ನು ಇನ್ನೂ ಸೇರಿಸಿಲ್ಲ. ಮುಂದಿನ ವಾರ ಅದಕ್ಕೆ ಬೇರೆ ಕಾಲಂ. ಆಮೇಲೆ ರಕ್ತ. ಅಲ್ಲಿ ಸೀಸ ಅರ್ಧವಾಗಲು ತಿಂಗಳೊಂದು ಸಾಕು. ಈ ಸಲ ಮಾತ್ರ ಪ್ರತಿ ಕಾಲಂನ ತಲೆಯ ಮೇಲೆ ತಿಂಗಳೋ ವರ್ಷವೋ ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ.