ಮೇಡಂ ಬರೆದ ನಾಲ್ಕು

ಮೈಸೂರಿನ ನಮ್ಮ ಶಾಲೆಯ ಹಾಲ್‌ನಲ್ಲಿ, ವೇದಿಕೆಯ ಪಕ್ಕ, ಹಳೆಯ ಪಿಯಾನೊ ಒಂದಿತ್ತು. ಮಳೆಗಾಲದಲ್ಲಿ ಅದರ ಎರಡು ಮನೆಗಳು ಒತ್ತಿದರೆ ಒತ್ತಿದಂತೆಯೇ ಉಳಿದುಬಿಡುತ್ತಿದ್ದವು. ಸಂಗೀತದ ಮೇಡಂ ಉಗುರಿನಿಂದ ಅವನ್ನು ಮೇಲೆತ್ತಿ, "ಹ್ಞೂಂ, ನುಡಿಸು ಮಗು" ಅನ್ನುತ್ತಿದ್ದರು.

1987ರಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಮೇಡಂ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ಸೊನಾಟಾವೊಂದನ್ನು, ಅಂದರೆ ವಾದ್ಯಕ್ಕೆಂದೇ ಬರೆದ ದೀರ್ಘ ಕೃತಿಯೊಂದನ್ನು, ಮುಂದಿಟ್ಟರು. ಜಯಚಾಮರಾಜ ಒಡೆಯರ್ ಹಣ ಕೊಟ್ಟು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದ್ದು ಇವರ ಸಂಗೀತವನ್ನೇ. ಮೂರನೆಯ ಪಿಯಾನೊ ಕಾಂಚೆರ್ಟೊವನ್ನು, ಅಂದರೆ ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿಯನ್ನು, ಮೆಟ್ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. "ಮೈಸೂರಿನವಳಾಗಿ ನಿನಗೆ ಇದು ಗೊತ್ತಿರಬೇಡವಾ?" ಎಂದು ಮೇಡಂ ಕೇಳಿದ್ದರು.

ಮೆಟ್ನರ್ ಬರೆದದ್ದು ಹದಿನಾಲ್ಕು ಪಿಯಾನೊ ಸೊನಾಟಾ. ಮೊದಲನೆಯದರಲ್ಲಿ ನಾಲ್ಕು ಭಾಗಗಳು, ಹಳೆಯ ಕ್ರಮದಲ್ಲೇ. ಮುಂದೆ ಹಲವು ಸೊನಾಟಾಗಳಲ್ಲಿ ಎಲ್ಲವನ್ನೂ ಒಂದೇ ಭಾಗದೊಳಗೆ ಹಿಡಿದಿಡತೊಡಗಿದರು. 1911ರ 'ರಾತ್ರಿಯ ಗಾಳಿ' ಸೊನಾಟಾ ಅರ್ಧ ಗಂಟೆ ಬೀಸುತ್ತದೆ, ಅದನ್ನು ಗೆಳೆಯ, ಸಂಯೋಜಕ ರಖ್ಮಾನಿನೊವ್‌ಗೆ ಅರ್ಪಿಸಿದರು. ಅದೇ ಕಾಲಕ್ಕೆ ಮಾಸ್ಕೋದ ಇನ್ನೊಬ್ಬ ಸಂಯೋಜಕ ಸ್ಕ್ರಿಯಾಬಿನ್ ತಮ್ಮ ಸೊನಾಟಾಗಳಲ್ಲಿ ಶ್ರುತಿಯ ಆಧಾರವನ್ನೇ ಬಿಟ್ಟು ಹೊರಟಿದ್ದರು. ಮೆಟ್ನರ್ ಬಿಡಲಿಲ್ಲ. ಹಿಂದುಳಿದವರು ಎನಿಸಿಕೊಂಡರು. ಆದರೆ ಅವರ ಶೈಲಿ ನಿಂತ ನೀರಾಗಿರಲಿಲ್ಲ, ಒಳಗೊಳಗೇ ತಿಳಿಯಾಗುತ್ತ ಹೋಯಿತು. ಕೊನೆಯ 'ಇಡಿಲ್' ಸೊನಾಟಾದಲ್ಲಿ ಎರಡೇ ಭಾಗ, ಎಷ್ಟು ಹಗುರ! ನನಗಂತೂ ಅದೇ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಮೇಡಂ ಕಲಿಸಿದ್ದು 'ರೆಮಿನಿಸೆಂಝಾ', ಅಂದರೆ ನೆನಪು. ಕ್ರಾಂತಿಯ ನಂತರದ ಕಷ್ಟದ ದಿನಗಳಲ್ಲಿ, 1921ರಲ್ಲಿ ರಷ್ಯಾ ಬಿಡುವ ಮೊದಲು ಬರೆದದ್ದು. ಹೊಳೆಯ ಹಾಗೆ ಸಣ್ಣಗೆ ಹರಿಯುವ ಒಂದು ಸಾಲಿನಿಂದ ಅದು ಶುರುವಾಗುತ್ತದೆ. ನಡುವೆ ದುಗುಡ, ಬಿರುಸು. ಆ ಸಾಲು ಮಧ್ಯದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಮರಳುತ್ತದೆ. ನಾನು ಮೂರು ಸಲವೂ ಒಂದೇ ಥರ ನುಡಿಸಿದೆ. ಮೇಡಂ ನನ್ನ ಕೈ ಹಿಡಿದು ನಿಲ್ಲಿಸಿದರು: "ಸ್ವರ ಅದೇ ಮಗು. ಆದರೆ ನಡುವೆ ಏನೇನು ಆಯ್ತು ಅಂತ ನಿನ್ನ ಬೆರಳಿಗೆ ಈಗ ಗೊತ್ತಲ್ಲ?"

ಆಗ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಬಂತು, ಪಾಠ ಅರ್ಧಕ್ಕೇ ನಿಂತಿತು. ಸೊನಾಟಾವನ್ನು ಪೂರ್ತಿ ನುಡಿಸಲು ಬಂದದ್ದು ನನ್ನ ನಲವತ್ತನೆಯ ವಯಸ್ಸಿನಲ್ಲಿ, ಮೇಡಂ ತೀರಿಕೊಂಡ ಮೇಲೆ. ಕೊನೆಯ ಪುಟದಲ್ಲಿ, ಆ ಸಾಲು ಮರಳುವ ಕಡೆ, ಅವರು ಪೆನ್ಸಿಲ್ಲಿನಲ್ಲಿ ಬರೆದ ಬೆರಳಿನ ಗುರುತು '4' ಇನ್ನೂ ಇದೆ. ಮೂರನೆಯ ಬೆರಳು ಅಲ್ಲಿ ಸಲೀಸು. ನಾನು ನಾಲ್ಕನೆಯದನ್ನೇ ಇಡುತ್ತೇನೆ.