ಕೊಟ್ಟವಳ ಫೈಲು

ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಒಂದು ಆಸ್ಪತ್ರೆಯ ಮಕ್ಕಳ ಬಿಎಂಟಿ ವಾರ್ಡಿನಲ್ಲಿದ್ದೇನೆ. ಬಿಎಂಟಿ ಅಂದರೆ ಮೂಳೆಯೊಳಗಿನ ಮಜ್ಜೆಯ ಕಸಿ, ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್. ಮೊದಲು ಸ್ಟಾಫ್ ನರ್ಸ್ ಆಗಿದ್ದೆ, ಈಗ ಕೋಆರ್ಡಿನೇಟರ್. ಮನೆಯವರಿಗೆ ವಿಷಯ ತಿಳಿಸುವುದು, ದಾನಿಯ ಟೆಸ್ಟ್ ಮಾಡಿಸುವುದು, ಡೇಟ್ ಹೊಂದಿಸುವುದು, ಹಣಕ್ಕೆ ಅರ್ಜಿ ಬರೆಸುವುದು ಎಲ್ಲಾ ನನ್ನ ಪಾಲಿಗೆ. ದಿನವಿಡೀ ಮಾತಾಡುವುದೇ ನನ್ನ ಕೆಲಸ. ಆ ಮಾತಿನಲ್ಲೇ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಓದಿದ ಯಾವ ತಾಯಿಯೂ ಸುಮ್ನೆ ಹೆದರಬಾರದು. ಬ್ಲಡ್ ಕ್ಯಾನ್ಸರ್ ಬಂದ ಮಕ್ಕಳಿಗೆಲ್ಲ ಕಸಿ ಬೇಕಾಗುವುದಿಲ್ಲ. ಮಕ್ಕಳಲ್ಲಿ ಜಾಸ್ತಿ ಬರುವುದು ಎಎಲ್ಎಲ್ ಅನ್ನುವ ಬಗೆ. ಅದರಲ್ಲಿ ಬಹುಪಾಲು ಮಕ್ಕಳು ಬರೀ ಕೀಮೋದಲ್ಲೇ ಗುಣವಾಗುತ್ತಾರೆ. ಕಾಯಿಲೆ ಮರುಕಳಿಸಿದರೆ, ಇಲ್ಲವೇ ಕೀಮೋಗೆ ಸರಿಯಾಗಿ ಬಗ್ಗದಿದ್ದರೆ ಸಾಮಾನ್ಯವಾಗಿ ಕಸಿಯ ಮಾತು ಬರುತ್ತದೆ.

ಹಾವೇರಿ ಕಡೆಯ ಆ ಹುಡುಗನಿಗೆ ಮರುಕಳಿಸಿತ್ತು. ಏಳು ವರ್ಷ. ಅವನಿಗೊಬ್ಬಳು ಅಕ್ಕ, ಒಂಬತ್ತು ವರ್ಷ, 24 ಕೆಜಿ. ಅವಳನ್ನು ಇಲ್ಲಿ ಪುಟ್ಟಿ ಅನ್ನುತ್ತೇನೆ.

ಕಸಿಗೆ ಹೊಂದಬೇಕಾದದ್ದು ಎಚ್ಎಲ್ಎ, ಅಂದರೆ ಮೈಯ ಸೆಲ್ಲುಗಳ ಮೇಲಿನ ಗುರುತು. ಅದು ಮಗುವಿಗೆ ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತದ ಗುಂಪು ಬೇರೆಯಿದ್ದರೂ ನಡೆಯುತ್ತದೆ ಅಂದರೆ ಎಲ್ಲರೂ ಆಶ್ಚರ್ಯಪಡುತ್ತಾರೆ. ಇವರದೂ ಬೇರೆಯೇ. ತಮ್ಮನದು ಎ ಪಾಸಿಟಿವ್, ಅಕ್ಕನದು ಓ ಪಾಸಿಟಿವ್. ಎಚ್ಎಲ್ಎ ಮಾತ್ರ ಪೂರ್ತಿ ಹೊಂದಿತ್ತು. ರಿಪೋರ್ಟ್ ಬಂದ ದಿನ ಅವರಪ್ಪ ಕಾರಿಡಾರಿನಲ್ಲೇ ಮಗಳನ್ನು ಎತ್ತಿಕೊಂಡು ಅತ್ತುಬಿಟ್ಟರು. ಹೊರಗಿನ ದಾನಿಗಳ ಹೆಸರು ಬರೆದಿಟ್ಟುಕೊಳ್ಳುವ ದಾತ್ರಿ, ಡಿಕೆಎಂಎಸ್ ಥರದ ರಿಜಿಸ್ಟ್ರಿಗಳಿಗೆ ಬರೆದು ಕಾಯುವುದು ತಪ್ಪಿತಲ್ಲ ಅಂತ ನನಗೂ ನಿರಾಳವಾಯಿತು.

ಪುಟ್ಟಿಯನ್ನು ಕೇಳಿದ್ದು ಹೀಗೆ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಡಾಕ್ಟರು, ನಾನು ಸುತ್ತ ನಿಂತಿದ್ದೆವು. "ತಮ್ಮನಿಗೆ ಕೊಡ್ತೀಯಾ ಪುಟ್ಟಿ?" ಅಂದೆ. "ಹೂಂರಿ" ಅಂದಳು. ಅಪ್ಪ ಸಹಿ ಹಾಕಿದರು. ಆ ಕಾಗದ ತಮ್ಮನ ಫೈಲಿನ ಕೊನೆಯಲ್ಲಿ ಸೇರಿತು. ಅಷ್ಟು ಜನ ದೊಡ್ಡವರು ಸುತ್ತ ನಿಂತು ಕೇಳಿದರೆ ಯಾವ ಮಗು ಇಲ್ಲ ಅನ್ನುತ್ತದೆ?

ತಮ್ಮನಿಗೆ ಮೈಗೆಲ್ಲ ರೇಡಿಯೇಷನ್, ಆಮೇಲೆ ಕೀಮೋ ಕೊಟ್ಟು ಹಳೆಯ ಮಜ್ಜೆಯನ್ನು ಪೂರ್ತಿ ಖಾಲಿ ಮಾಡಿದರು. ಪುಟ್ಟಿಗೆ ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ಎಳೆದರು. ದಾನಿಯ ತೂಕದಲ್ಲಿ ಕೆಜಿಗೆ 20 ಎಂಎಲ್ ಮೀರುವಂತಿಲ್ಲ. ಆ ಲೆಕ್ಕ ನಾವು ತಪ್ಪಿಸುವುದಿಲ್ಲ. ಸಂಜೆಗೆ ಎರಡು ಇಡ್ಲಿ ತಿಂದಳು, ಮಾರನೇ ದಿನ ಐರನ್ ಸಿರಪ್ ಹಿಡಿದುಕೊಂಡು ಬಾಡಿಗೆ ರೂಮಿಗೆ ಹೋದಳು.

ಕಸಿ ಅಂದರೆ ದೊಡ್ಡ ಆಪರೇಷನ್ ಅಂದುಕೊಂಡು ಬರುತ್ತಾರೆ. ನೋಡಿದರೆ ರಕ್ತದ ಚೀಲದ ಹಾಗೇ ಒಂದು ಚೀಲ. ಎದೆಗೆ ಹಾಕಿದ ಲೈನಿನಲ್ಲಿ ಹನಿಹನಿಯಾಗಿ ಇಳಿಯುತ್ತದೆ. ಗಾಜಿನಾಚೆ ನಿಂತಿದ್ದ ಅಜ್ಜಿ "ಇಷ್ಟಽ ಏನ್ರೀ?" ಅಂದರು. ಆ ಸೆಲ್‌ಗಳು ತಾವಾಗಿಯೇ ರಕ್ತದಲ್ಲಿ ಸಾಗಿ ಮೂಳೆಯೊಳಗೆ ಹೋಗಿ ಕೂರುತ್ತವೆ. ಇಷ್ಟು ವರ್ಷವಾದರೂ ನನಗೆ ಅದು ಹಳೆಯದಾಗಿಲ್ಲ.

ಆಮೇಲಿನದು ಬರೀ ಕಾಯುವುದು. ಹುಡುಗನ ಬಾಯಿ ತುಂಬಾ ಹುಣ್ಣು, ಉಗುಳು ನುಂಗಿದರೂ ಅಳು. ಅಮ್ಮ ಒಳಗೇ ಅವನ ಜೊತೆ. ಬೆಳಿಗ್ಗೆ ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣೂ ರಕ್ತಕಣಗಳ ಕೌಂಟಿನ ಮೇಲೆ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಮೂರು ದಿನ ಸತತವಾಗಿ 500 ದಾಟಬೇಕು. ಕಸಿಯಾದ 19ನೇ ದಿನಕ್ಕೆ ದಾಟಿತು. ಅವರಪ್ಪ ಊರಿಗೆಲ್ಲ ಫೋನ್ ಮಾಡಿದರು.

26ನೇ ದಿನ ಹುಡುಗನ ಅಂಗೈ ಕೆಂಪಾಯಿತು. ಕಿವಿಯ ಅಂಚು, ಪಾದ, ಆಮೇಲೆ ಬೆನ್ನು. ಇದಕ್ಕೆ ಜಿವಿಎಚ್‌ಡಿ ಅನ್ನುತ್ತಾರೆ. ಹೊಸದಾಗಿ ಬಂದ ಸೆಲ್‌ಗಳಿಗೆ ಹುಡುಗನ ಮೈ ಗುರುತಾಗದೆ ಅದರ ಮೇಲೆ ತಿರುಗಿಬೀಳುವುದು. ಚರ್ಮ, ಹೊಟ್ಟೆ, ಲಿವರ್, ಎಲ್ಲಿ ಬೇಕಾದರೂ ಆಗಬಹುದು. ನಾನು ಲಿಫ್ಟಿನ ಹತ್ತಿರ ಅವರಪ್ಪನನ್ನು ನಿಲ್ಲಿಸಿ ಹೇಳಿದೆ. "ನೋಡಿ ಅಣ್ಣಾ, ಮಗಳ ಸೆಲ್‌ಗಳು ಮಗನ ಮೈಮೇಲೆ ದಾಳಿ ಮಾಡ್ತಿವೆ. ಸ್ಟಿರಾಯ್ಡ್ ಶುರು ಮಾಡ್ತಾರೆ." ದಾಳಿ ಅನ್ನುವ ಮಾತು ನಮ್ಮ ಮಾಹಿತಿ ಪತ್ರದಲ್ಲೇ ಇತ್ತು. ಬಾಯಿಪಾಠವಾಗಿತ್ತು. ಪುಟ್ಟಿ ಅಪ್ಪನ ಊಟದ ಬ್ಯಾಗ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಕಡೆ ನೋಡಲೇ ಇಲ್ಲ.

ಎರಡು ದಿನ ಬಿಟ್ಟು ಅಜ್ಜಿ ಬಂದರು. "ಕೂಸು ಉಣ್ಣಾಕ ಒಲ್ಲೆ ಅನ್ನಾಕತ್ತೈತ್ರಿ." ವಿಡಿಯೋ ಕಾಲಿಗೆ ಕರೆದರೆ ಎದ್ದು ಹೊರಗೆ ಹೋಗುತ್ತಾಳಂತೆ. ತಮ್ಮನ ಬಟ್ಟೆ ಮಡಿಸು ಅಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾಳಂತೆ. ಶಾಲೆ ತಪ್ಪಿದೆ, ಬೇಜಾರಾಗಿರಬೇಕು ಅಂದೆ. ಬಣ್ಣದ ಪೆನ್ಸಿಲ್ ಕಳಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ವಾರದ ಮೇಲೆ ಹಿಮೋಗ್ಲೋಬಿನ್ ನೋಡಲು ಅವಳನ್ನು ಕರೆಸಿದ್ದೆವು. ರಕ್ತ ತೆಗೆಯುವಾಗ ಅಳಲಿಲ್ಲ. ಹತ್ತಿ ಒತ್ತಿಟ್ಟೆ. ತುಂಬಿದ ಟ್ಯೂಬನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸಿಸ್ಟರ್, ನಂದು ವಾಪಸ್ ತಗೊಂಡ್ರ ತಮ್ಮಗ ಆರಾಮ ಆಗ್ತೈತೇನ್ರಿ?"

ಒಂಬತ್ತು ದಿನ ಆ ಮಗು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. ತನ್ನಿಂದಲೇ ತಮ್ಮನ ಮೈ ಸುಡುತ್ತಿದೆ ಅಂತ. ಮುಟ್ಟಿದರೆ ಇನ್ನೂ ಜಾಸ್ತಿಯಾಗುತ್ತದೆ ಅಂತ.

ಬಾಗಿಲು ಹಾಕಿಕೊಂಡು ಅವಳ ಪಕ್ಕ ಕೂತೆ. ಏನು ಹೇಳಬೇಕು ಅಂತ ತಕ್ಷಣ ಹೊಳೆಯಲಿಲ್ಲ. ಒಂದು ಹಾಳೆಯಲ್ಲಿ ಮೂಳೆ ಬರೆದೆ, ಒಳಗೆ ಚುಕ್ಕೆಗಳನ್ನಿಟ್ಟೆ. ಇವು ನಿನ್ನವು, ಈಗ ತಮ್ಮನ ಮೂಳೆಯಲ್ಲಿ ಸಂಸಾರ ಹೂಡಿವೆ ಅಂದೆ. ಅವನ ಕೌಂಟ್ ಬಂದದ್ದು ಇವುಗಳಿಂದಲೇ. ಹೊಸ ಮನೆ, ಯಾರ ಗುರುತೂ ಇಲ್ಲ, ಅದಕ್ಕೆ ಸ್ವಲ್ಪ ಗಲಾಟೆ. ಗಲಾಟೆ ತಗ್ಗಲು ಡಾಕ್ಟರ್ ಔಷಧಿ ಕೊಡ್ತಿದಾರೆ. ಇದರಲ್ಲಿ ನೀನು ಮಾಡಿದ್ದು ಏನೂ ಇಲ್ಲ. ನಿನ್ನ ಹಾಗೆ ಹೊಂದುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅವಳು ಪೆನ್ಸಿಲ್ ತಗೊಂಡು ಚುಕ್ಕೆಗಳಿಗೆ ಕಣ್ಣು ಬರೆದಳು.

ಆವತ್ತು ಸಂಜೆ ನಮ್ಮ ಡಾಕ್ಟರ್ ಅವಳನ್ನು ಕೂರಿಸಿಕೊಂಡು ಇನ್ನೊಂದು ಮಾತು ಹೇಳಿದರು. ಎಲ್ಲಾದರೂ ಅಡಗಿ ಕೂತ ಕ್ಯಾನ್ಸರ್ ಸೆಲ್ ಇದ್ದರೆ, ಅದನ್ನು ಹುಡುಕಿ ಹೊಡೆಯುವುದೂ ನಿನ್ನ ಈ ಸೆಲ್‌ಗಳೇ. ಅದು ನಿಜ. ಕಸಿಯ ಅರ್ಧ ಬಲ ಇರುವುದೇ ಅದರಲ್ಲಿ. ಅದೇ ಮಾತನ್ನು ನಾನು ಲಿಫ್ಟಿನ ಹತ್ತಿರವೇ ಹೇಳಬಹುದಿತ್ತು. ಅರ್ಧ ಹೇಳಿ ಅರ್ಧ ಬಿಟ್ಟಿದ್ದೆ.

ನಮ್ಮ ದೇಶದ ಮೊದಲ ಬೋನ್ ಮ್ಯಾರೋ ಕಸಿ ಆಗಿದ್ದು 1983ರಲ್ಲಿ, ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ. ಅಲ್ಲಿ ರೋಗಿಯೇ ಒಂಬತ್ತು ವರ್ಷದ ಹುಡುಗಿ, ಕೊಟ್ಟವನು ಅವಳ ಒಡಹುಟ್ಟಿದವನು. ಟ್ರೈನಿಂಗಿನಲ್ಲಿ ನಮಗೆ ಆ ಹುಡುಗಿಯ ವಿಷಯ ಹೇಳಿದ್ದರು. ಆ ಹುಡುಗನ ಬಗ್ಗೆ ನಮ್ಮಲ್ಲಿ ಯಾರೂ ಕೇಳಲಿಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2010ರಲ್ಲೇ ಹೇಳಿದೆ, ಕೊಡುವ ಮಗುವಿನ ಪರವಾಗಿ ನಿಲ್ಲಲು ರೋಗಿಯ ತಂಡಕ್ಕೆ ಸೇರದ ಒಬ್ಬರು ಇರಬೇಕು ಅಂತ. ಪುಟ್ಟಿ ಕೇಳುವವರೆಗೂ ಆ ಮಾತು ನನಗೆ ಬರೀ ಕಾಗದದ ಮೇಲಿನದ್ದಾಗಿತ್ತು.

ಈಗ ದಾನಿ ಮಗುವಿನ ಜೊತೆ ಮನೆಯವರಿಲ್ಲದೆ ಒಮ್ಮೆ ಕೂರುತ್ತೇವೆ. ವಾರ್ಡಿಗೆ ಸಂಬಂಧವಿಲ್ಲದ ಒಬ್ಬ ಡಾಕ್ಟರ್ ಅವರನ್ನು ನೋಡುತ್ತಾರೆ. ಹೆದರಿಕೆ ಇದೆ ಅಂತ ಹೇಳಲು ಮಗುವಿಗೆ ಜಾಗ ಸಿಗುತ್ತದೆ. ನೋವಾಗುತ್ತಾ ಅಂತ ಕೇಳಿದರೆ, ಎರಡು ಮೂರು ದಿನ ಸೊಂಟ ನೋಯುತ್ತೆ ಅಂತ ನಿಜವನ್ನೇ ಹೇಳುತ್ತೇವೆ. ತಮ್ಮನಿಗೋ ತಂಗಿಗೋ ಏನಾದರೂ ಆದರೆ ಅದು ನಿನ್ನಿಂದ ಅಲ್ಲ ಅನ್ನುವುದನ್ನು ಕಸಿಗೆ ಮುಂಚೆಯೇ ಹೇಳುತ್ತೇವೆ, ಆಮೇಲೂ ಹೇಳುತ್ತೇವೆ. ಮಾಹಿತಿ ಪತ್ರದಿಂದ ದಾಳಿ ಅನ್ನುವ ಪದ ತೆಗೆಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ದಾನಿಗೆ ಬೇರೆ ಫೈಲು ಮಾಡಿಸಿದ್ದು ಅದಕ್ಕಿಂತ ಸುಲಭವಾಯಿತು. ಹಸಿರು ರಟ್ಟಿನದು. ಅದರಲ್ಲಿ ಮೊದಲನೆಯದು ಪುಟ್ಟಿಯದೇ.

ಹುಡುಗನ ಚರ್ಮ ಮೂರು ವಾರದಲ್ಲಿ ತಿಳಿಯಾಯಿತು. ಸ್ಟಿರಾಯ್ಡ್‌ಗೆ ಮುಖ ಊದಿತ್ತು, ಹೊಸ ಸೆಲ್ಲುಗಳ ಗಲಾಟೆ ತಗ್ಗಿಸುವ ಸೈಕ್ಲೋಸ್ಪೋರಿನ್‌ಗೆ ಕೆನ್ನೆಯ ಮೇಲೆಲ್ಲ ನವಿರು ಕೂದಲು ಬಂದಿತ್ತು. ಅಕ್ಕ ಅದನ್ನು ಬೆರಳಲ್ಲಿ ಸವರಿ ನಗುತ್ತಿದ್ದಳು.

ಎಂಟು ತಿಂಗಳ ಮೇಲೆ ಒಪಿಡಿಗೆ ಬಂದಾಗ ಹುಡುಗನ ರಕ್ತದ ಗುಂಪು ಓ ಪಾಸಿಟಿವ್ ಅಂತ ಬಂತು. ಎ ಹೋಗಿತ್ತು. ಮಜ್ಜೆ ಅಕ್ಕನದಾದ ಮೇಲೆ ರಕ್ತವೂ ಅವಳದೇ ಅಲ್ವಾ. ರಿಪೋರ್ಟನ್ನು ಪುಟ್ಟಿಯ ಕೈಗೇ ಕೊಟ್ಟೆ. ಎರಡು ಸಲ ಓದಿಕೊಂಡಳು.

"ಇದರದೊಂದು ಝೆರಾಕ್ಸ್ ಕೊಡ್ರಿ ಸಿಸ್ಟರ್, ಸಾಲ್ಯಾಗ ತೋರಸ್ತೀನಿ."

ಎರಡು ತೆಗೆಸಿದೆ. ಒಂದನ್ನು ಹಸಿರು ಫೈಲಿಗೆ ಹಾಕಿದೆ.